ಸತ್ತವರೆಷ್ಟು? ಎಷ್ಟು ಜನರಲ್ಲಿ?

ಪ್ಲೇಗಿನ ಕಾಲದಲ್ಲಿ ಹಳ್ಳಿಯ ಜನರಿಗೆ ಒಂದು ಲೆಕ್ಕ ಚೆನ್ನಾಗಿ ತಿಳಿದಿತ್ತು. ಮನೆಯಲ್ಲಿ ಇಲಿ ಬಿತ್ತೆಂದರೆ ಊರು ಬಿಡಬೇಕು. ಗಂಟುಮೂಟೆ ಕಟ್ಟಿ, ಹೊಲದಲ್ಲಿ ಗುಡಿಸಲು ಹಾಕಿಕೊಂಡು, ಬೇನೆ ಇಳಿಯುವವರೆಗೆ ಅಲ್ಲೇ ಇರಬೇಕು. ಇಲಿಗೂ ಪ್ಲೇಗಿಗೂ ನಡುವಿನ ಕೊಂಡಿ ಇಲಿಯ ಮೈಮೇಲಿನ ಚಿಗಟ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಆ ಮಾತನ್ನು ವಿಜ್ಞಾನಿಗಳ ಲೋಕ ಪೂರ್ತಿ ಒಪ್ಪಲು ಮತ್ತೆ ಸುಮಾರು ಹತ್ತು ವರ್ಷ ಹಿಡಿಯಿತು. ಆದರೆ ಯಾವಾಗ, ಎಲ್ಲಿ, ಯಾರಿಗೆ ಬೇನೆ ಬರುತ್ತದೆ ಎಂಬುದನ್ನು ಗಮನಿಸಿ ಕಾರಣದತ್ತ ಬೆರಳು ತೋರಿಸುವ ಕೆಲಸವನ್ನು ಅಕ್ಷರ ಬಾರದ ರೈತನೂ ಮಾಡಿದ್ದ. ಇದೇ ಕೆಲಸ ಶಿಸ್ತಿಗೆ ಒಳಪಟ್ಟಾಗ ಅದಕ್ಕೆ ಎಪಿಡೆಮಿಯಾಲಜಿ, ಅಂದರೆ ಸಾಂಕ್ರಾಮಿಕ ರೋಗಶಾಸ್ತ್ರ ಎಂಬ ಹೆಸರು ಬಂತು.

ಸಾರ್ವಜನಿಕ ಆರೋಗ್ಯದಲ್ಲಿ ಉನ್ನತ ವ್ಯಾಸಂಗ ಮಾಡುವ ಯುವ ವೈದ್ಯರಿಗೆ ಈ ಶಾಸ್ತ್ರ, ಅದರ ಜೋಡಿಯಾದ ಜೀವಸಂಖ್ಯಾಶಾಸ್ತ್ರ ಎರಡೂ ಕಬ್ಬಿಣದ ಕಡಲೆ. ಐದಾರು ವರ್ಷ ಸ್ಟೆತಾಸ್ಕೋಪು ಹಿಡಿದವರ ಕೈಗೆ ಒಮ್ಮೆಲೇ ಕೋಷ್ಟಕ, ಸರಾಸರಿ, ಸಂಭವನೀಯತೆಗಳು ಬಂದು ಬೀಳುತ್ತವೆ. ಪಠ್ಯಪುಸ್ತಕಗಳು ಲಂಡನ್ನಿನ ಕಾಲರಾ ಕಥೆಯಿಂದ ಆರಂಭವಾಗುತ್ತವೆ. 1854ರಲ್ಲಿ ಜಾನ್ ಸ್ನೋ ಎಂಬ ವೈದ್ಯ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಸತ್ತವರ ಮನೆಗಳನ್ನು ಗುರುತಿಸಿದ ಕಥೆ ಅದು. ಆದರೆ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ನಿಂತವರು ಅಷ್ಟು ದೂರ ಹೋಗಬೇಕಾಗಿಲ್ಲ. ಈ ನಾಲ್ಕು ಊರುಗಳ ಉತ್ತರಕ್ಕೆ ಹುಬ್ಬಳ್ಳಿ ಇದೆ. ದಕ್ಷಿಣಕ್ಕೆ, ಹಾನಗಲ್ ಮತ್ತು ಹಿರೇಕೆರೂರು ಸೀಮೆಯ ಗಡಿ ದಾಟಿದರೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು. ವೈದ್ಯಕೀಯ ಚರಿತ್ರೆಯಲ್ಲಿ ಎರಡಕ್ಕೂ ಸ್ಥಾನವಿದೆ. ಎರಡೂ ಕಡೆ ಕಲಿತ ಪಾಠ ಇಂದಿಗೂ ಹಳತಾಗಿಲ್ಲ.

ಹುಬ್ಬಳ್ಳಿಯ ಸೂಜಿ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಪತ್ತೆಯಾಯಿತು. ಒಡೆಸ್ಸಾದಲ್ಲಿ ಹುಟ್ಟಿ, ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದ್ದ ವಾಲ್ಡೆಮಾರ್ ಹಾಫ್‌ಕಿನ್ ಅಲ್ಲಿಗೆ ಬಂದು ಕೆಲವೇ ತಿಂಗಳಲ್ಲಿ ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಅದೇ ವರ್ಷ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿತು. ಮನೆ ಶೋಧನೆ, ರೈಲು ಪ್ರಯಾಣಿಕರ ತಪಾಸಣೆ, ರೋಗಿಗಳನ್ನು ಒತ್ತಾಯದಿಂದ ಬೇರ್ಪಡಿಸುವುದು ಇವೆಲ್ಲ ಜನರನ್ನು ಕೆರಳಿಸಿದವು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡೇಟಿಗೆ ಗುರಿಯಾದದ್ದು ಆ ವರ್ಷದ ಜೂನ್‌ನಲ್ಲಿ.

ಆಗ ಹಾವೇರಿ ಜಿಲ್ಲೆ ಇರಲಿಲ್ಲ. ಅದು ರಚನೆಯಾದದ್ದು 1997ರ ಆಗಸ್ಟ್ 24ರಂದು. ಹಾನಗಲ್ ಧಾರವಾಡ ಜಿಲ್ಲೆಯ ತಾಲ್ಲೂಕು, ಶಿಗ್ಗಾವಿ ಬಂಕಾಪುರ ತಾಲ್ಲೂಕಿನಲ್ಲಿತ್ತು, ಹಿರೇಕೆರೂರು ಕೋಡ ತಾಲ್ಲೂಕಿನಲ್ಲಿತ್ತು. ಸವಣೂರು ನವಾಬರ ಪುಟ್ಟ ಸಂಸ್ಥಾನ. ಈ ಸೀಮೆಗೆಲ್ಲ ಹತ್ತಿಯ ಪೇಟೆ, ರೈಲಿನ ಕೂಡುದಾರಿ ಎರಡೂ ಆಗಿದ್ದ ಹುಬ್ಬಳ್ಳಿಗೆ 1898ರ ವೇಳೆಗೆ ಪ್ಲೇಗು ಗಟ್ಟಿಯಾಗಿ ಕಾಲೂರಿತು. ಆ ವರ್ಷದ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಹಾಫ್‌ಕಿನ್ ಲಸಿಕೆಯ ಭಾರೀ ಕಾರ್ಯಾಚರಣೆ ನಡೆಯಿತು. ಅದರ ಉಸ್ತುವಾರಿ ನೋಡಿಕೊಂಡವರು ಡಾ. ಲ್ಯೂಮನ್. ಸುಮಾರು 50 ಸಾವಿರ ಜನರ ಊರಿನಲ್ಲಿ ಸುಮಾರು 38 ಸಾವಿರ ಮಂದಿ ಸೂಜಿ ಚುಚ್ಚಿಸಿಕೊಂಡರು. ಅಷ್ಟು ದೊಡ್ಡ ಪ್ರಮಾಣದಲ್ಲಿ ಈ ಲಸಿಕೆ ಅದುವರೆಗೆ ಬೇರೆಲ್ಲೂ ಪ್ರಯೋಗವಾಗಿರಲಿಲ್ಲವೆಂದೇ ಹೇಳಬಹುದು.

ವಾರವಾರವೂ ಎರಡು ಪಟ್ಟಿ ಸಿದ್ಧವಾಗುತ್ತಿತ್ತು. ಚುಚ್ಚಿಸಿಕೊಂಡವರಲ್ಲಿ ಎಷ್ಟು ಮಂದಿ ಸತ್ತರು? ಚುಚ್ಚಿಸಿಕೊಳ್ಳದವರಲ್ಲಿ ಎಷ್ಟು? ಮೊದಲ ಗುಂಪಿನಲ್ಲಿ ಸಾವಿನ ಪ್ರಮಾಣ ತೀರ ಕಡಿಮೆ ಇತ್ತು. 1899ರಲ್ಲಿ ಹಾಫ್‌ಕಿನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತಮ್ಮ ಲಸಿಕೆಯ ಅನುಭವವನ್ನು ವಿವರಿಸಿದಾಗ ಹುಬ್ಬಳ್ಳಿಯ ಅಂಕಿಗಳೂ ಅಲ್ಲಿಗೆ ಹೋದವು.

ಛೇದದ ತೊಡಕು

ಇಲ್ಲಿಯವರೆಗೆ ಎಲ್ಲವೂ ಸರಳ. ತೊಡಕು ಆರಂಭವಾಗುವುದು ಇಲ್ಲಿಂದಲೇ. ಚುಚ್ಚಿಸಿಕೊಂಡವರ ಹೆಸರು ದಾಖಲೆಯಲ್ಲಿದೆ. ಆದರೆ ಚುಚ್ಚಿಸಿಕೊಳ್ಳದವರು ಎಷ್ಟು ಮಂದಿ? ಊರಿನ ಒಟ್ಟು ಜನಸಂಖ್ಯೆಯಿಂದ ಮೊದಲ ಗುಂಪನ್ನು ಕಳೆದರೆ ಸಿಗುತ್ತದೆ ಎನ್ನಬಹುದು. ಆದರೆ ಜನಗಣತಿ ನಡೆದದ್ದು 1891ರಲ್ಲಿ. ಪ್ಲೇಗಿಗೆ ಹೆದರಿ ಊರು ಬಿಟ್ಟವರನ್ನು ಯಾರು ಎಣಿಸಿದ್ದಾರೆ?

ಒಂದು ಕಲ್ಪಿತ ಲೆಕ್ಕದಿಂದ ಇದನ್ನು ತಿಳಿಯಬಹುದು. ಚುಚ್ಚಿಸಿಕೊಳ್ಳದವರು 12 ಸಾವಿರ, ಒಂದು ವಾರದಲ್ಲಿ ಅವರ ಪೈಕಿ ಸತ್ತವರು 120 ಎಂದಿಟ್ಟುಕೊಳ್ಳೋಣ. ಸಾವಿರಕ್ಕೆ ಹತ್ತು ಸಾವು ಎಂದಾಯಿತು. ಆ 12 ಸಾವಿರದಲ್ಲಿ ಅರ್ಧದಷ್ಟು ಜನ ಶಿಗ್ಗಾವಿಯ ಕಡೆಗೋ ಸವಣೂರಿನ ಕಡೆಗೋ ನೆಂಟರ ಮನೆ ಸೇರಿದ್ದರೆ ಊರಲ್ಲಿ ಉಳಿದವರು ಆರೇ ಸಾವಿರ. ಆಗ ಸಾವಿನ ಪ್ರಮಾಣ ಸಾವಿರಕ್ಕೆ ಇಪ್ಪತ್ತು. ಸತ್ತವರ ಸಂಖ್ಯೆ ಒಂದೇ, ಸತ್ಯ ಮಾತ್ರ ಇಮ್ಮಡಿ. ಭಿನ್ನರಾಶಿಯ ಮೇಲಿನ ಅಂಕಿಯನ್ನು ಎಲ್ಲರೂ ನೋಡುತ್ತಾರೆ, ಕೆಳಗಿನ ಅಂಕಿಯನ್ನು, ಅಂದರೆ ಛೇದವನ್ನು, ಕೇಳುವವರು ಕಡಿಮೆ. ಛೇದ ಕೇಳುವುದೇ ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿ ಕಲಿಯುವ ಮೊದಲ ಪಾಠ.

ಎರಡನೆಯ ಪಾಠ ಇನ್ನೂ ಸೂಕ್ಷ್ಮ. ಸೂಜಿಗೆ ತೋಳು ಒಡ್ಡಿದವರು ಯಾರು, ಒಡ್ಡದವರು ಯಾರು? ತೀರ ಬಡವರು, ಇಕ್ಕಟ್ಟಾದ ಕೇರಿಗಳಲ್ಲಿದ್ದವರು, ಹಾಸಿಗೆ ಹಿಡಿದವರು ಹಿಂದೆ ಉಳಿದಿದ್ದರೆ ಅವರಲ್ಲಿ ಸಾವು ಹೆಚ್ಚಾಗಿರಲು ಲಸಿಕೆಯ ಕೊರತೆಯೊಂದೇ ಕಾರಣವಾಗಬೇಕಿಲ್ಲ. ಇನ್ನೊಂದು ಸಂಗತಿ ಕಾಲಕ್ಕೆ ಸಂಬಂಧಿಸಿದ್ದು. ಜುಲೈನಲ್ಲಿ ಚುಚ್ಚಿಸಿಕೊಂಡವನು ಜುಲೈವರೆಗೆ ಬದುಕಿದ್ದವನು. ಜೂನ್‌ನಲ್ಲೇ ಸತ್ತವನು ತನ್ನ ಸರದಿ ಬರುವ ಮೊದಲೇ ‘ಚುಚ್ಚಿಸಿಕೊಳ್ಳದವರ’ ಲೆಕ್ಕಕ್ಕೆ ಸೇರಿಬಿಟ್ಟ. ಇದನ್ನು ಗಮನಿಸದಿದ್ದರೆ ಲಸಿಕೆಗೆ ಅದರ ಯೋಗ್ಯತೆಗಿಂತ ಹೆಚ್ಚು ಅಂಕ ಸಿಗುತ್ತದೆ.

ಹಾಫ್‌ಕಿನ್ನರಿಗೆ ಈ ತೊಡಕು ಗೊತ್ತಿರಲಿಲ್ಲವೆಂದಲ್ಲ. ಕಲ್ಕತ್ತೆಯಲ್ಲಿ ಕಾಲರಾ ಲಸಿಕೆ ಹಾಕಿದಾಗ ಒಂದೇ ಮನೆಯ, ಒಂದೇ ನೀರು ಕುಡಿಯುವ ಜನರಲ್ಲಿ ಚುಚ್ಚಿಸಿಕೊಂಡವರನ್ನೂ ಚುಚ್ಚಿಸಿಕೊಳ್ಳದವರನ್ನೂ ಹೋಲಿಸಲು ಅವರು ಶ್ರಮಿಸಿದ್ದರು. ಪ್ರೊ. ಫ್ರೇಸರ್ ಅಧ್ಯಕ್ಷತೆಯ ಭಾರತೀಯ ಪ್ಲೇಗ್ ಆಯೋಗವೂ ವಿವಿಧ ಊರುಗಳ ಅಂಕಿಗಳನ್ನು ಜಾಲಾಡಿತು. ಅನೇಕ ಅಂಕಿಗಳು ಕರಾರುವಾಕ್ಕಾಗಿಲ್ಲ, ಆದರೂ ಲಸಿಕೆಯಿಂದ ರೋಗವೂ ಸಾವೂ ಗಮನಾರ್ಹವಾಗಿ ಇಳಿಯುತ್ತವೆ ಎಂಬ ತೀರ್ಮಾನಕ್ಕೆ ಅದು ಬಂತು.

ಈ ಲೆಕ್ಕಾಚಾರ ಬರೀ ಪಂಡಿತರ ಜಗಳವಾಗಿರಲಿಲ್ಲ ಎಂಬುದಕ್ಕೆ ಮುಂದಿನ ಘಟನೆ ಸಾಕ್ಷಿ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ 107 ಜನರಿಗೆ ಚುಚ್ಚಲಾಯಿತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆಪಾದನೆ ಹಾಫ್‌ಕಿನ್ನರ ಮೇಲೆ ಬಂತು, ಅವರು ಹುದ್ದೆ ಕಳೆದುಕೊಂಡರು. ಆದರೆ ಸತ್ತ 19 ಮಂದಿಗೂ ಔಷಧ ಹೋದದ್ದು ಒಂದೇ ಬಾಟಲಿಯಿಂದ. ಬೇರೆ ಬಾಟಲಿಗಳಿಂದ ಚುಚ್ಚಿಸಿಕೊಂಡವರಿಗೆ ಏನೂ ಆಗಲಿಲ್ಲ. ಯಾರಿಗೆ, ಯಾವುದರಿಂದ ಎಂಬ ಪ್ರಶ್ನೆಯೇ ದೋಷದ ಜಾಡನ್ನು ಆ ಬಾಟಲಿಗೆ ಒಯ್ಯಿತು. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಪತ್ರಿಕೆಯಲ್ಲಿ ದನಿ ಎತ್ತಿದ ನಂತರ ಹಾಫ್‌ಕಿನ್ ಆರೋಪಮುಕ್ತರಾದರು. ಇಷ್ಟರಲ್ಲಿ ಐದು ವರ್ಷ ಕಳೆದಿತ್ತು.

ಇಂತಹ ವಾದವಿವಾದಗಳಿಂದಲೇ ನಿಯಮಗಳು ರೂಪುಗೊಂಡವು. 1915ರಲ್ಲಿ ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞರಾದ ಮೇಜರ್ ಗ್ರೀನ್‌ವುಡ್ ಮತ್ತು ಉಡ್ನಿ ಯೂಲ್ ಟೈಫಾಯಿಡ್ ಮತ್ತು ಕಾಲರಾ ಲಸಿಕೆಗಳ ಅಂಕಿಗಳನ್ನು ಪರಿಶೀಲಿಸಿ, ಹೋಲಿಕೆ ನ್ಯಾಯವಾಗಿರಬೇಕಾದರೆ ಎರಡೂ ಗುಂಪುಗಳು ಎಲ್ಲ ರೀತಿಯಲ್ಲೂ ಸಮಾನವಾಗಿರಬೇಕು, ಎರಡಕ್ಕೂ ರೋಗದ ಸೋಂಕು ತಗಲುವ ಸಂಭವ ಒಂದೇ ಸಮನಾಗಿರಬೇಕು ಎಂಬ ಷರತ್ತುಗಳನ್ನು ಮುಂದಿಟ್ಟರು. (ಮೇಜರ್ ಎಂಬುದು ಸೈನ್ಯದ ಹುದ್ದೆಯಲ್ಲ, ಗ್ರೀನ್‌ವುಡ್ ಅವರ ಹೆಸರೇ ಅದು.) ಭಾರತದ ಪ್ಲೇಗಿನ ಅಂಕಿಗಳ ಮೇಲೂ ಗ್ರೀನ್‌ವುಡ್ ಕೆಲಸ ಮಾಡಿದ್ದರೆಂಬುದು ಗಮನಾರ್ಹ.

ಮಂಗ ಸತ್ತ ಕಾಡು

ಎರಡನೆಯ ಪಾಠಶಾಲೆ ದಕ್ಷಿಣದ ಕಾಡು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ತೀವ್ರ ಜ್ವರ, ತಲೆನೋವು, ರಕ್ತಸ್ರಾವ. ಮೊದಲಿಗೆ ಟೈಫಾಯಿಡ್ ಇರಬಹುದೆಂಬ ಶಂಕೆ. ಮಂಗಗಳೂ ಸಾಯುತ್ತಿದ್ದುದರಿಂದ ಇದು ಭಾರತದಲ್ಲಿ ಅದುವರೆಗೆ ಕಾಣದ ಹಳದಿ ಜ್ವರವೇ ಎಂಬ ಗಾಬರಿಯೂ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮೊದಲಾದವರು ಇಲ್ಲಿಗೆ ಬಂದರು. ಸತ್ತ ಮಂಗದಿಂದ ಹೊಸ ವೈರಸ್ ಸಿಕ್ಕಿತು. ಅದರ ಬಳಗ ದೂರದ ರಷ್ಯದ ಕಾಡುಗಳ ಉಣುಗು ಹರಡುವ ಮಿದುಳು ಜ್ವರಕ್ಕೆ ಸೇರಿದ್ದು.

ಸೂಕ್ಷ್ಮದರ್ಶಕದಷ್ಟೇ ಇಲ್ಲಿ ನೆರವಿಗೆ ಬಂದದ್ದು ಮೂರು ಪ್ರಶ್ನೆಗಳು. ಯಾವಾಗ? ಹೆಚ್ಚಾಗಿ ಜನವರಿಯಿಂದ ಮೇ ತನಕ, ಮಳೆ ಬಿದ್ದ ಮೇಲೆ ಇಳಿಮುಖ. ಎಲ್ಲಿ? ಕಾಡಂಚಿನ ಹಳ್ಳಿಗಳಲ್ಲಿ. ಯಾರಿಗೆ? ಸೌದೆ, ತರಗೆಲೆ, ದನಕರುಗಳಿಗಾಗಿ ಕಾಡಿಗೆ ಹೋಗಿ ಬರುವವರಿಗೆ. ಈ ಮೂರು ಉತ್ತರಗಳೂ ಕೂಡಿದಾಗ ಕಾಡಿನ ನೆಲದಲ್ಲಿ ಒಣ ಹಂಗಾಮಿನಲ್ಲಿ ಹೆಚ್ಚುವ ಎಳೆಯ ಉಣುಗುಗಳತ್ತ ಕೈ ತೋರಿದವು. ಜನ ಅದನ್ನು ಮಂಗನ ಕಾಯಿಲೆ ಎಂದರು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದದ್ದೂ ಅದೇ 1957ರಲ್ಲಿ ಎಂಬುದು ಕಾಕತಾಳೀಯ.

ಈ ಕಾಯಿಲೆಗೂ ಲಸಿಕೆ ಬಂತು. 1990ರಿಂದ ಅದನ್ನು ಕಾಡಂಚಿನ ಹಳ್ಳಿಗಳಲ್ಲಿ ಹಾಕಲಾಯಿತು. ಅದು ಎಷ್ಟು ಕಾಪಾಡುತ್ತದೆ? 1898ರ ಪ್ರಶ್ನೆಯೇ ಮತ್ತೆ ಎದುರಾಯಿತು. 2005ರಿಂದ 2010ರವರೆಗಿನ ದಾಖಲೆಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡು ಡೋಸಿನ ಪರಿಣಾಮ ಶೇ 62.4, ಬೂಸ್ಟರ್ ಸೇರಿದರೆ ಶೇ 82.9 ಎಂದು ಹೇಳಿತು. ಇದರ ಅರ್ಥ ಲಸಿಕೆ ಪಡೆದ ನೂರರಲ್ಲಿ 62 ಮಂದಿ ಸುರಕ್ಷಿತ, ಉಳಿದವರಿಗೆ ರೋಗ ಖಚಿತ ಎಂದಲ್ಲ. ಲಸಿಕೆ ಪಡೆಯದ ಒಂದು ಗುಂಪಿನಲ್ಲಿ 100 ಮಂದಿಗೆ ಕಾಯಿಲೆ ಬರುವುದಾದರೆ, ಎರಡು ಡೋಸು ಪಡೆದ ಅಷ್ಟೇ ದೊಡ್ಡ, ಅಂತಹುದೇ ಗುಂಪಿನಲ್ಲಿ ಸುಮಾರು 38 ಮಂದಿಗೆ ಬರುತ್ತದೆ ಎಂದರ್ಥ. ‘ಅಂತಹುದೇ’ ಎಂಬ ಮಾತಿನಲ್ಲೇ ಗ್ರೀನ್‌ವುಡ್, ಯೂಲ್ ಅವರ ಷರತ್ತು ಅಡಗಿದೆ. ಕಾಲಾನಂತರ ಈ ಲಸಿಕೆಯ ಶಕ್ತಿಯ ಬಗೆಗೇ ಸಂಶಯ ಬೆಳೆದು, 2022ರಲ್ಲಿ ಅದರ ಬಳಕೆ ನಿಂತಿತು. ಅಂಕಿಗಳನ್ನು ಮತ್ತೆ ಮತ್ತೆ ಪ್ರಶ್ನಿಸುವುದು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ರಸ್ತೆ ಬದಿಯ ಊರು ಸಾಲದು

ಕಲಿಕೆಗೆ ವ್ಯವಸ್ಥೆಯೂ ಬೆಳೆದು ಬಂತು. ಕಲ್ಕತ್ತೆಯಲ್ಲಿ 1932ರಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1946ರ ಭೋರ್ ಸಮಿತಿಯ ವರದಿಯ ನಂತರ ವೈದ್ಯಕೀಯ ಕಾಲೇಜುಗಳಲ್ಲಿ ಈ ವಿಷಯಕ್ಕೆ ಪ್ರತ್ಯೇಕ ವಿಭಾಗಗಳು ಬಂದವು. ಇಂದು ಅದನ್ನು ಸಮುದಾಯ ವೈದ್ಯಶಾಸ್ತ್ರ ಎನ್ನುತ್ತಾರೆ.

ಅಂತಹ ವಿದ್ಯಾರ್ಥಿಯೊಬ್ಬರಿಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಮಕ್ಕಳಿಗೆ ಲಸಿಕೆ ಎಷ್ಟು ತಲುಪಿದೆ ಎಂದು ತಿಳಿಯುವ ಕೆಲಸ ಬಂದರೆ ಏನು ಮಾಡಬೇಕು? ಎಲ್ಲ ಮನೆ ಸುತ್ತಲು ಸಾಧ್ಯವಿಲ್ಲ. ಹೆದ್ದಾರಿ ಬದಿಯ ಹಳ್ಳಿಗಳನ್ನಷ್ಟೇ ನೋಡಿ ಬಂದರೆ ಅನುಕೂಲ, ಆದರೆ ಉತ್ತರ ಸುಳ್ಳು. ಬಸ್ಸು ಹೋಗುವ ಊರಿಗೆ ನರ್ಸೂ ಹೋಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಜನಪ್ರಿಯಗೊಳಿಸಿದ ಕ್ರಮವೊಂದಿದೆ. ಎಲ್ಲ ಊರುಗಳ ಜನಸಂಖ್ಯೆಯನ್ನು ಸಾಲಾಗಿ ಕೂಡಿಸುತ್ತಾ ಹೋಗಿ, ಚೀಟಿ ಎತ್ತಿದಂತೆ ಒಂದು ಅಂಕಿಯಿಂದ ಆರಂಭಿಸಿ, ಸಮಾನ ಅಂತರದಲ್ಲಿ 30 ತಾಣಗಳನ್ನು ಆರಿಸಬೇಕು. ಪ್ರತಿ ತಾಣದಲ್ಲಿ ಏಳು ಮಕ್ಕಳು, ಒಟ್ಟು 210. ಹಾನಗಲ್ಲಿನ ಕೆರೆಯಾಚೆಯ ಒಂಟಿ ಮನೆಗೂ ಸವಣೂರಿನ ಪೇಟೆ ಓಣಿಗೂ ಆಯ್ಕೆಯಾಗುವ ಅವಕಾಶ ಆಗ ಸಮನಾಗಿರುತ್ತದೆ. ಬಂದ ಉತ್ತರವನ್ನೂ ಒಂದೇ ಅಂಕಿಯಾಗಿ ಹೇಳದೆ, ಇಷ್ಟರಿಂದ ಇಷ್ಟರೊಳಗೆ ಎಂದು ಅಂತರ ಕೊಟ್ಟು ಹೇಳಬೇಕು. ಅದು ಹಿಂಜರಿಕೆಯಲ್ಲ, ಪ್ರಾಮಾಣಿಕತೆ.

ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗಿ ಲೆಕ್ಕ ತುಂಬಿಸುವ ಆಸೆ ಯಾರಿಗೂ ಆಗುತ್ತದೆ. ಆದರೆ ಬೀಗ ಹಾಕಿದ ಮನೆಯವರು ಕೂಲಿಗೆ ಹೋದವರು, ಗುಳೆ ಹೋದವರು ಆಗಿರಬಹುದು. ಲಸಿಕೆ ತಪ್ಪಿದ ಮಗು ಇರುವುದೂ ಅಲ್ಲೇ ಇರಬಹುದು. ಸಂಜೆ ಮತ್ತೊಮ್ಮೆ ಹೋಗಿ ಬಾಗಿಲು ತಟ್ಟಬೇಕು. ಹುಬ್ಬಳ್ಳಿಯಿಂದ ಊರು ಬಿಟ್ಟವರನ್ನು ಅಂದು ಎಣಿಸಲಾಗಲಿಲ್ಲ. ಇಂದು ಎಣಿಸುವ ವಿಧಾನ ತಿಳಿದಿದೆ. ಉಳಿದಿರುವುದು ಆ ಎರಡನೆಯ ಸಲದ ನಡಿಗೆ ಮಾತ್ರ.