ತಪ್ಪೊಪ್ಪಿಕೊಂಡ ಸೇನಾಪತಿ

ಕನಮಡಿಯಲ್ಲಿ ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಹ್ಮದೇಶವನ್ನು ಜಪಾನೀಯರಿಂದ ಮರಳಿ ಗೆದ್ದವರು ಯಾರು ಎಂಬ ಪ್ರಶ್ನೆಗೆ ಹುಡುಗಿಯೊಬ್ಬಳು ‘ಭಾರತದ ಸಿಪಾಯಿಗಳು’ ಎಂದು ಬರೆದಿದ್ದಳು. ನಾನು ಕೆಂಪು ಗೆರೆ ಎಳೆದು ‘ಬ್ರಿಟಿಷರು’ ಎಂದು ತಿದ್ದಿದೆ. ಪತ್ರಿಕೆ ಕೊಟ್ಟ ದಿನ ಅವಳು ಎದ್ದು ನಿಂತಳು.

“ನಮ್ಮ ಮುತ್ಯಾನ ಅಪ್ಪ ಅಲ್ಲೇ ಇದ್ದರಂತ್ರೀ ಟೀಚರ್.”

“ನಾ ಕಲಿಸಿದ್ದು ಬರಿಯವ್ವ, ಕೂಡು” ಎಂದೆ.

ಕೂತಳು. ಆದರೆ ಅವಳ ಸಪ್ಪಗಾದ ಮುಖ ನನ್ನನ್ನು ಬಿಡಲಿಲ್ಲ. ದಸರಾ ರಜೆಯಲ್ಲಿ ಪುಸ್ತಕ ಹುಡುಕಿ ಓದಲು ಕೂತೆ. ಹಾಗೆ ಪರಿಚಯವಾದವರು ವಿಲಿಯಂ ಸ್ಲಿಮ್.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1891ರಲ್ಲಿ ಹುಟ್ಟಿದವರು. ಸಾಧಾರಣ ಮನೆತನ. ಮೊದಲು ನಮ್ಮಂತೆಯೇ ಪ್ರಾಥಮಿಕ ಶಾಲೆಯ ಮಾಸ್ತರಿಕೆ, ಆಮೇಲೆ ಗುಮಾಸ್ತಿಕೆ. 1914ರಲ್ಲಿ ಯುದ್ಧ ಶುರುವಾದಾಗ ಸೈನ್ಯ ಸೇರಿದರು. ಗ್ಯಾಲಿಪೊಲಿಯಲ್ಲಿ ಗಾಯ, ಮೆಸಪೊಟೇಮಿಯಾದಲ್ಲಿ ಮತ್ತೆ ಗಾಯ. ಮುಂದೆ ಭಾರತೀಯ ಸೈನ್ಯಕ್ಕೆ ಬಂದು ಗೂರ್ಖಾಗಳ ಜೊತೆ ದುಡಿದರು. 1939ರಲ್ಲಿ ನಮ್ಮ ಬೆಳಗಾವಿಯಲ್ಲೇ ಹಿರಿಯ ಅಧಿಕಾರಿಗಳ ಶಾಲೆಗೆ ಮುಖ್ಯಸ್ಥರಾಗಿದ್ದರು! ಇರಾಕಿನಲ್ಲಿ ಅವರು ನಡೆಸಿದ 10ನೇ ಭಾರತೀಯ ಡಿವಿಜನ್‌ನಲ್ಲಿ ಕೊಡಗಿನ ಕಾರಿಯಪ್ಪನವರೂ ಇದ್ದರು. 1949ರಲ್ಲಿ ನಮ್ಮ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದವರು.

1942ರಲ್ಲಿ ಸ್ಲಿಮ್ ಸೋತ ಪಡೆಯನ್ನು ಬ್ರಹ್ಮದೇಶದಿಂದ ಸುಮಾರು 900 ಮೈಲಿ ಹಿಂದಕ್ಕೆ ನಡೆಸಿಕೊಂಡು ಬಂದರು. 1944ರಲ್ಲಿ ಇಂಫಾಲ, ಕೊಹಿಮಾಗಳಲ್ಲಿ ಜಪಾನೀಯರನ್ನು ತಡೆದರು. 1945ರ ಮೇ ತಿಂಗಳಲ್ಲಿ ರಂಗೂನ್ ಕೈವಶವಾಯಿತು. ಅವರ 14ನೇ ಸೈನ್ಯದಲ್ಲಿ ಬಹುಪಾಲು ಯಾರು ಗೊತ್ತೇ? ಭಾರತದ ಸಿಪಾಯಿಗಳು. ನನ್ನ ಹುಡುಗಿ ಬರೆದದ್ದೇ ಸರಿ.

ನನ್ನನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಸಂಗತಿ. ಕೊಹಿಮಾಕ್ಕೆ ಶತ್ರು ಸಣ್ಣ ಪಡೆಯನ್ನಷ್ಟೇ ಕಳಿಸಬಲ್ಲನೆಂದು ಸ್ಲಿಮ್ ಎಣಿಸಿದ್ದರು. ಬಂದದ್ದು ಇಡೀ ಡಿವಿಜನ್. 1956ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅದು ತಮ್ಮದೇ ತಪ್ಪೆಂದು ಬರೆದುಕೊಂಡರು. ಗೆದ್ದ ಮೇಲೆ ಅದನ್ನು ಮುಚ್ಚಿಟ್ಟಿದ್ದರೆ ಕೇಳುವವರಾರು?

ರಜೆ ಮುಗಿದ ಮೊದಲ ದಿನವೇ ಆ ಪತ್ರಿಕೆ ತರಿಸಿಕೊಂಡೆ. “ತಪ್ಪು ನಂದು, ಉತ್ತರ ನಿಂದು ಸರಿ ಐತಿ” ಎಂದು ಎಲ್ಲರೆದುರು ಹೇಳಿ ಅಂಕ ಕೊಟ್ಟೆ. ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಅಷ್ಟು ಕಷ್ಟಪಟ್ಟು ಆಡಿದ ಮಾತು ಇನ್ನೊಂದಿಲ್ಲ.

“ಮುತ್ಯಾಗ ತೋರಸ್ತೀನ್ರೀ” ಎಂದು ಅವಳು ಪತ್ರಿಕೆಯನ್ನು ಮಡಚಿ ಪಾಟಿಚೀಲದೊಳಗೆ ಇಟ್ಟುಕೊಂಡಳು.