ಸೇನೆಯ ಹೊಸ ರೈಫಲ್, ಹೊಸ ಕಾಡತೂಸು: ಬಲವೆಷ್ಟು, ಭಾರವೆಷ್ಟು?

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಂದ ಸೇನೆಗೆ ಸೇರುವ ಯುವಕರ ಕೈಗೆ ಈಗ ಬರುತ್ತಿರುವ ರೈಫಲ್, ಅದೇ ಊರುಗಳ ನಿವೃತ್ತ ಯೋಧರು ಹಿಡಿದಿದ್ದ ರೈಫಲ್ ಅಲ್ಲ. 1990ರ ದಶಕದಲ್ಲಿ ಸೇವೆಗೆ ಬಂದ ಇನ್ಸಾಸ್ ಹಂತಹಂತವಾಗಿ ತೆರೆಮರೆಗೆ ಸರಿಯುತ್ತಿದ್ದು, ಅದರ ಸ್ಥಾನವನ್ನು ಸಿಗ್-716 ಮತ್ತು ಎಕೆ-203 ತುಂಬುತ್ತಿವೆ. 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷಗಳ ಸೇವೆಗೆ ಸೇರುವ ಯುವಕನಿಗೆ ಇದು ದೂರದ ದೆಹಲಿಯ ಖರೀದಿ ವ್ಯವಹಾರವಲ್ಲ. ಹೆಗಲ ಮೇಲಿನ ಭಾರದ ಪ್ರಶ್ನೆ. ವಾಸ್ತವವಾಗಿ ಇಲ್ಲಿ ಬದಲಾಗಿರುವುದು ಬಂದೂಕಿಗಿಂತ ಹೆಚ್ಚಾಗಿ ಅದರ ಕಾಡತೂಸು.

ಹಿನ್ನೆಲೆ

1962ರ ಚೀನಾ ಯುದ್ಧದಲ್ಲಿ ಭಾರತೀಯ ಪದಾತಿದಳದ ಬಳಿ ಇದ್ದದ್ದು ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದ .303 ರೈಫಲ್. ಅನಂತರ 7.62×51 ಮಿ.ಮೀ. ಕಾಡತೂಸಿನ ಎಸ್‌ಎಲ್‌ಆರ್ ಬಂತು. ಅದರ ಹೊಡೆತ ಪ್ರಬಲವಾಗಿತ್ತು, ಆದರೆ ರೈಫಲ್ ಉದ್ದ ಮತ್ತು ಭಾರ. ಅದರ ಬದಲಿಗೆ ಡಿಆರ್‌ಡಿಓದ ಪುಣೆ ಪ್ರಯೋಗಾಲಯ ರೂಪಿಸಿದ ಇನ್ಸಾಸ್, 5.56×45 ಮಿ.ಮೀ.ನ ಹಗುರ ಕಾಡತೂಸನ್ನು ಬಳಸಿತು. 1999ರ ಕಾರ್ಗಿಲ್ ಯುದ್ಧದ ಕೊರೆಯುವ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜಿನ್‌ಗಳು ಬಿರುಕು ಬಿಟ್ಟವೆಂಬ ದೂರು ವ್ಯಾಪಕವಾಯಿತು. ಅದಕ್ಕೂ ಗಂಭೀರವಾದ ಆಕ್ಷೇಪ ಗುಂಡಿನ ಬಗೆಗಿನದು. ಶತ್ರುವನ್ನು ಗಾಯಗೊಳಿಸಿದರೆ ಅವನನ್ನು ಹೊತ್ತೊಯ್ಯಲು ಮತ್ತಿಬ್ಬರು ಬೇಕಾಗುತ್ತಾರೆ ಎಂಬ ಲೆಕ್ಕ ಸಾಂಪ್ರದಾಯಿಕ ಯುದ್ಧಕ್ಕೆ ಸರಿ. ಸಾಯಲೆಂದೇ ಬಂದ ಭಯೋತ್ಪಾದಕನ ಎದುರು ಅದು ನಡೆಯದು. ಕಾಶ್ಮೀರದ ಕಾರ್ಯಾಚರಣೆಗಳಲ್ಲಿ ಸೈನಿಕರು ಎಕೆ-47 ಅನ್ನು ಮೆಚ್ಚಿಕೊಂಡದ್ದು ಸುಮ್ಮನೆ ಅಲ್ಲ.

ಎರಡು ಆಯ್ಕೆಗಳು

2019ರ ಫೆಬ್ರುವರಿಯಲ್ಲಿ ಅಮೆರಿಕದ ಸಿಗ್ ಸಾವರ್ ಕಂಪನಿಯಿಂದ 72,400 ಸಿಗ್-716 ರೈಫಲ್‌ಗಳ ಖರೀದಿಗೆ ಒಪ್ಪಂದವಾಯಿತು. 2024ರಲ್ಲಿ ಸುಮಾರು 73,000 ರೈಫಲ್‌ಗಳಿಗೆ ಎರಡನೆಯ ಬೇಡಿಕೆ ಹೋಯಿತು. ಇದರದ್ದು ಎಸ್‌ಎಲ್‌ಆರ್ ಕಾಲದ 7.62×51 ಕಾಡತೂಸೇ. ಸೇನೆ ಒಂದು ಸುತ್ತು ಹಾಕಿ ಹಳೆಯ ದಾರಿಗೇ ಬಂದಿದೆ ಎನ್ನಬಹುದು. ಇನ್ನು 2021ರ ಡಿಸೆಂಬರ್‌ನಲ್ಲಿ ರಷ್ಯಾದೊಂದಿಗೆ 6,01,427 ಎಕೆ-203 ರೈಫಲ್‌ಗಳಿಗೆ ಒಪ್ಪಂದವಾಗಿದ್ದು, ಉತ್ತರ ಪ್ರದೇಶದ ಅಮೇಠಿಯ ಕೊರ್ವಾದಲ್ಲಿ ಅವು ತಯಾರಾಗುತ್ತಿವೆ. ಇದಕ್ಕೆ ಬೇಕಾದದ್ದು 7.62×39 ಕಾಡತೂಸು. ಎರಡರಲ್ಲೂ 7.62 ಎಂಬ ಅಂಕಿ ಇದ್ದರೂ ಒಂದರ ಕಾಡತೂಸು ಇನ್ನೊಂದಕ್ಕೆ ಹೊಂದದು.

ತೂಕದ ಲೆಕ್ಕ

ಇನ್ಸಾಸ್‌ನ ಒಂದು ಕಾಡತೂಸಿನ ತೂಕ ಸುಮಾರು 12 ಗ್ರಾಂ. ಎಕೆ-203ರದ್ದು ಸುಮಾರು 16ರಿಂದ 17 ಗ್ರಾಂ. ಸಿಗ್-716ರದ್ದು ಸುಮಾರು 24 ಗ್ರಾಂ. ಅಂದರೆ ಇನ್ಸಾಸ್ ಹಿಡಿದವನು 200 ಗುಂಡು ಹೊರುವ ಭಾರದಲ್ಲಿ ಎಕೆ-203 ಹಿಡಿದವನಿಗೆ ದೊರೆಯುವುದು 145ರಷ್ಟು, ಸಿಗ್ ಹಿಡಿದವನಿಗೆ ಬರೀ 100. ಮ್ಯಾಗಜಿನ್ ಕೂಡ ಎಕೆಯಲ್ಲಿ 30 ಗುಂಡಿನದು, ಸಿಗ್‌ನಲ್ಲಿ 20ರದು. ಪ್ರತಿಯಾಗಿ ನಳಿಕೆಯಿಂದ ಹೊರಡುವಾಗ 5.56ರ ಗುಂಡಿನ ಶಕ್ತಿ ಸುಮಾರು 1,700 ಜೌಲ್; 7.62×39ರದ್ದು ಸುಮಾರು 2,000; 7.62×51ರದ್ದು 3,000ಕ್ಕೂ ಅಧಿಕ. ಶಕ್ತಿ ಹೆಚ್ಚಿದಂತೆ ಭುಜಕ್ಕೆ ಬೀಳುವ ಒದೆತವೂ ಹೆಚ್ಚುತ್ತದೆ. ಮೊದಲ ಗುಂಡು ತಪ್ಪಿದರೆ ಎರಡನೆಯದಕ್ಕೆ ಮತ್ತೆ ಗುರಿ ಹಿಡಿಯಲು ತಡವಾಗುತ್ತದೆ.

ಯಾವುದು ಎಲ್ಲಿಗೆ?

ಈ ಪ್ರಶ್ನೆಗೆ ಉತ್ತರ ಹಾವೇರಿ ಜಿಲ್ಲೆಯ ನೆಲದಲ್ಲೇ ಸಿಗುತ್ತದೆ. ಹಾನಗಲ್ ಸೀಮೆಯ ಅಡಿಕೆ ತೋಟದೊಳಗೆ ನಿಂತವನಿಗೆ ನೂರು ಮೀಟರ್ ಆಚೆಯದು ಕಾಣುವುದೇ ಕಷ್ಟ. ಸವಣೂರಿನ ಬಯಲು ಎರೆಹೊಲದಲ್ಲಿ, ಅದರಲ್ಲೂ ಸುಗ್ಗಿ ಮುಗಿದ ಮೇಲೆ, ಅರ್ಧ ಕಿಲೋಮೀಟರ್ ಆಚೆ ನಡೆಯುವವನೂ ಕಣ್ಣಿಗೆ ಬೀಳುತ್ತಾನೆ. ಕಾಶ್ಮೀರ ಕಣಿವೆಯ ಸೇಬಿನ ತೋಟ, ಓಣಿ, ಮನೆಗಳ ನಡುವಿನ ಕಾದಾಟ ಮೊದಲ ಬಗೆಯದು. ಅಲ್ಲಿಗೆ 300 ಮೀಟರ್ ವ್ಯಾಪ್ತಿಯ ಎಕೆ-203 ಸಾಕು. ಕೆಸರು, ಧೂಳು, ಚಳಿಗೆ ಜಗ್ಗದ ಕಲಾಶ್ನಿಕೋವ್ ಯಂತ್ರರಚನೆ ಅದರ ದೊಡ್ಡ ಗುಣ. ಲಡಾಖ್ ಹಾಗೂ ನಿಯಂತ್ರಣ ರೇಖೆಯ ತೆರೆದ ಇಳಿಜಾರುಗಳು ಎರಡನೆಯ ಬಗೆಯವು. ಅಲ್ಲಿ 500 ಮೀಟರ್ ದೂರದಲ್ಲೂ ಬಲ ಉಳಿಸಿಕೊಳ್ಳುವ ಸಿಗ್-716ರ ಗುಂಡಿಗೆ ಬೆಲೆಯಿದೆ. ಆದರೆ ಗಾಳಿಯೇ ತೆಳುವಾದ ಎತ್ತರದಲ್ಲಿ ಹೆಚ್ಚುವರಿ ಭಾರ ಹೊತ್ತು ಹತ್ತಬೇಕಾದವನೂ ಇದೇ ರೈಫಲ್ ಹಿಡಿದವನು ಎಂಬುದು ವಿಪರ್ಯಾಸ. ಗುರಿ ಹಿಡಿಯಲು ಉತ್ತಮ ದೃಗ್ಯಂತ್ರ ಇಲ್ಲದೆ ಅಷ್ಟು ದೂರದ ರೈಫಲ್ ಕೊಟ್ಟರೆ ಆ ಭಾರ ವ್ಯರ್ಥವೇ ಸರಿ.

ಅಮೆರಿಕವೂ ಇದೇ ಇಕ್ಕಟ್ಟಿನಲ್ಲಿದೆ. ಆಧುನಿಕ ರಕ್ಷಾಕವಚವನ್ನು ಭೇದಿಸಲೆಂದು 2022ರಲ್ಲಿ ಅದು ಆರಿಸಿಕೊಂಡ 6.8×51 ಕಾಡತೂಸಿನ ರೈಫಲ್‌ನಿಂದ, ಸೈನಿಕ ಹೊರುವ ಗುಂಡುಗಳ ಸಂಖ್ಯೆ 210ರಿಂದ 140ಕ್ಕೆ ಇಳಿಯುತ್ತದೆ ಎಂಬುದೇ ಅಲ್ಲಿನ ಪ್ರಮುಖ ಟೀಕೆ.

ಪೂರೈಕೆಯ ತೊಡಕು

ಸಿಗ್‌ಗೆ ಒಂದು ಅನುಕೂಲವುಂಟು. ಪದಾತಿದಳದ ಎಂಎಜಿ ಮೆಷಿನ್‌ಗನ್ ಮತ್ತು 2020ರಲ್ಲಿ ಇಸ್ರೇಲ್‌ನಿಂದ ತರಿಸಲು ಒಪ್ಪಂದವಾದ ನೆಗೆವ್ ಲಘು ಮೆಷಿನ್‌ಗನ್ ಎರಡೂ 7.62×51 ಕಾಡತೂಸನ್ನೇ ಬಳಸುತ್ತವೆ. ಆದರೆ ಇನ್ಸಾಸ್ ಇನ್ನೂ ಪೂರ್ಣವಾಗಿ ಹೋಗಿಲ್ಲ. ಪೊಲೀಸ್ ಮತ್ತು ಅರೆಸೇನಾ ಪಡೆಗಳಲ್ಲೂ ಅದು ಬಳಕೆಯಲ್ಲಿದೆ. ಮೇಲಾಗಿ 2025ರ ಡಿಸೆಂಬರ್‌ನಲ್ಲಿ ರಕ್ಷಣಾ ಸಚಿವಾಲಯ ಒಪ್ಪಂದ ಮಾಡಿಕೊಂಡ 4.25 ಲಕ್ಷಕ್ಕೂ ಅಧಿಕ ಹೊಸ ಕಾರ್ಬೈನ್‌ಗಳಿಗೆ ಬೇಕಾದದ್ದು 5.56×45 ಕಾಡತೂಸೇ. ಹೀಗಾಗಿ ಮುಂಚೂಣಿಗೆ ಮೂರು ಬಗೆಯ ಕಾಡತೂಸುಗಳನ್ನು ಬೇರೆ ಬೇರೆಯಾಗಿ ಸಾಗಿಸುವ ಹೊಣೆ ಸೇನೆಯ ಸರಬರಾಜು ವ್ಯವಸ್ಥೆಯ ಮೇಲೆ ಮುಂದುವರಿಯಲಿದೆ.