ಔಷಧಿ ಸುರಿದರೂ ಮಾಯದ ಹುಣ್ಣು, ಮತ್ತೊಂದು ಗಾಜಿನ ಕೊಳವೆ

ನಮ್ಮ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ಹೆಬ್ಬೆರಳ ಕೆಳಗಿನ ಹುಣ್ಣು ಎಂಟು ತಿಂಗಳಾದರೂ ಮಾಯಲಿಲ್ಲ. ದಿನಾ ಬೆಳಗ್ಗೆ ಘಾಟು ಔಷಧಿ ಸುರಿದುಕೊಳ್ಳೋರು. ‘ಉರಿದ್ರೇನೇ ಕ್ರಿಮಿ ಸಾಯೋದು ಕಣೋ’ ಅನ್ನೋರು. ನೂರು ವರ್ಷದ ಹಿಂದೆ ದೊಡ್ಡ ದೊಡ್ಡ ಸರ್ಜನ್‌ಗಳೂ ಹೀಗೇ ನಂಬಿದ್ದರು.

1867ರಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಸಿಡ್ ಬಳಸಿ ಗಾಯ ಕೀವಾಗದಂತೆ ತಡೆಯಬಹುದೆಂದು ಬರೆದರು. ಅದು ದೊಡ್ಡ ಹೆಜ್ಜೆಯೇ. ಆದರೆ 1914ರಲ್ಲಿ ಮಹಾಯುದ್ಧ ಶುರುವಾದಾಗ ಲೆಕ್ಕ ತಪ್ಪಿತು. ಫ್ರಾನ್ಸಿನ ಯುದ್ಧಭೂಮಿ ಎಂದರೆ ಗೊಬ್ಬರ ಉಂಡ ಹೊಲಗಳು. ಬಾಂಬಿನ ಚೂರು ಆ ಮಣ್ಣನ್ನೂ ಕೊಳೆಬಟ್ಟೆಯನ್ನೂ ಮಾಂಸದ ಆಳಕ್ಕೆ ಒಯ್ಯುತ್ತಿತ್ತು. ಔಷಧಿ ಸುರಿದಷ್ಟೂ ಕೀವು.

ಬುಲೋನ್ ಊರಿನ ಒಂದು ಜೂಜುಮನೆಯನ್ನೇ ಆಸ್ಪತ್ರೆ ಮಾಡಿದ್ದರು. ಅಲ್ಲಿನ ಲ್ಯಾಬಿನಲ್ಲಿದ್ದವರು ಮುಂದೆ ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್. ಅವರು ಗಾಜಿನ ಕೊಳವೆ ಕಾಯಿಸಿ, ಮುಳ್ಳಿನಂಥ ಟೊಳ್ಳು ಮೊನೆಗಳನ್ನು ಎಳೆದು, ಸಂದುಗೊಂದಿನ ‘ಗಾಯ’ ಮಾಡಿಕೊಂಡರು. ಬ್ಯಾಕ್ಟೀರಿಯಾ ಇರುವ ದ್ರವ ತುಂಬಿ, ಚೆಲ್ಲಿ, ಔಷಧಿ ತುಂಬಿದರು. ಅದನ್ನೂ ಚೆಲ್ಲಿ ಹೊಸ ದ್ರವ ಹಾಕಿದರೆ ಮತ್ತೆ ಬ್ಯಾಕ್ಟೀರಿಯಾ! ಔಷಧಿ ಸಂದಿಗೆ ಇಳಿದೇ ಇರಲಿಲ್ಲ. ಇನ್ನೊಂದು ಸಂಗತಿ: ಔಷಧಿ ಮೊದಲು ಕೊಲ್ಲುತ್ತಿದ್ದದ್ದು ನಮ್ಮದೇ ಬಿಳಿ ರಕ್ತಕಣಗಳನ್ನು. ಸತ್ತ ಮಾಂಸ ತೆಗೆಯಿರಿ, ಉಪ್ಪುನೀರಲ್ಲಿ ತೊಳೆಯಿರಿ ಎಂದರು ಫ್ಲೆಮಿಂಗ್ ಮತ್ತು ಅವರ ಗುರು ಆಲ್ಮ್‌ರಾತ್ ರೈಟ್. ಬಹಳ ಸರ್ಜನ್‌ಗಳು ಕಿವಿಗೊಡಲಿಲ್ಲ.

ಹಳೇ ಹುಣ್ಣಿನ ಗುಟ್ಟು ಬಯಲಾಗಲು ಇನ್ನೂ ದಶಕಗಳೇ ಬೇಕಾದವು. ನೀರಿನ ತೊಟ್ಟಿಯ ಒಳಗೋಡೆಗೆ ಲೋಳೆ ಕಟ್ಟುತ್ತದಲ್ಲ, ಬ್ಯಾಕ್ಟೀರಿಯಾ ಹುಣ್ಣಿನಲ್ಲೂ ಹಾಗೇ ಲೋಳೆ ಹೊದ್ದು ಗುಂಪಾಗಿ ಕೂರುತ್ತವೆ. ಹೆಸರು ಬಯೋಫಿಲ್ಮ್. 2008ರಲ್ಲಿ ಅಮೆರಿಕದ ತಂಡವೊಂದು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ 50 ಹಳೇ ಹುಣ್ಣುಗಳಲ್ಲಿ 30ರಲ್ಲಿ ಇದು ಸಿಕ್ಕಿತು. 16 ಹೊಸ ಗಾಯಗಳಲ್ಲಿ ಒಂದರಲ್ಲಿ ಮಾತ್ರ. ಬಿಳಿ ಕಣಗಳು ಲೋಳೆಯ ಮೇಲೆ ದಾಳಿ ಮಾಡುತ್ತಲೇ ಇರುತ್ತವೆ, ಗೆಲ್ಲುವುದಿಲ್ಲ. ಅವು ಬಿಡುವ ರಸಕ್ಕೆ ಹೊಸ ಮಾಂಸವೂ ಕರಗುತ್ತದೆ. ಡಾಕ್ಟರು ಕೆರೆದು ತೆಗೆದರೂ ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಬಹುದು, ಅದಕ್ಕೇ ಪದೇಪದೇ ಕರೆಯುತ್ತಾರೆ. (ಮನೆಯಲ್ಲಿ ಬ್ಲೇಡು ಹಿಡಿಯಬೇಡಿ.) ತಪ್ಪೆಲ್ಲ ಬ್ಯಾಕ್ಟೀರಿಯಾದ್ದೇ ಅಲ್ಲ, ಸಕ್ಕರೆ ಏರಿದ್ದರೆ, ಕಾಲಿಗೆ ರಕ್ತ ಹರಿಯದಿದ್ದರೆ, ಹುಣ್ಣಿನ ಮೇಲೇ ಭಾರ ಬಿಟ್ಟು ನಡೆದರೆ ಅದು ಮಾಯುವುದು ಕಷ್ಟ.

ದೊಡ್ಡಪ್ಪನನ್ನು ಕೊನೆಗೆ ಆಸ್ಪತ್ರೆಗೆ ಒಯ್ದಾಗ ಡಾಕ್ಟರು ಕೆರೆದು, ಸಲೈನಿನಲ್ಲಿ ತೊಳೆದರು. ‘ಬರೀ ಉಪ್ಪುನೀರಾ?’ ಅಂತ ದೊಡ್ಡಪ್ಪ ನನ್ನ ಮುಖ ನೋಡಿದರು. ನಾವು ಹೋದದ್ದು ತಡವಾಗಿತ್ತು. ಬೆರಳು ಹೋಯಿತು, ಪಾದ ಉಳಿಯಿತು.